ಪ್ರಶ್ನೋತ್ತರ: ಎಪ್ಪತ್ತರ ಕಾರ್ಡು, ರೇಶನ್ ಕಾರ್ಡು ಮತ್ತ ದವಾಖಾನಿ

ಅಡ್ಮಿನ್, ಬಾಗಲಕೋಟೆ ನವನಗರ: ಎಲ್ಲಾರಿಗೂ ಶರಣ್ರೀ. 70 ದಾಟಿದವರಿಗೆ ಕೇಂದ್ರ ಸರಕಾರದ 5 ಲಕ್ಷದ ಪುಕ್ಕಟ ಉಪಚಾರ ಅನ್ನೂದರ ಮ್ಯಾಲೆ ಹೋದ ವಾರ ಗುಂಪಿನ್ಯಾಗ ಜಗಳ ಜೋರ ಆಗಿತ್ತು. ಅದಕ್ಕ ಇವತ್ತ ಸಂಜಿ ನಮ್ಮ ಡಾಕ್ಟರ್ ಸಾಹೇಬ್ರು ಉತ್ತರ ಕೊಡ್ತಾರ. ತಾಲೂಕಾ ಸರಕಾರಿ ದವಾಖಾನ್ಯಾಗ ಫಿಜಿಶಿಯನ್ ಆಗಿ ದುಡದು ನಿವೃತ್ತ ಆದವರು. ಒಬ್ಬರಿಗೆ ಒಂದ ಪ್ರಶ್ನೆ. ರಾಜಕೀಯ ಬ್ಯಾಡ.

ಮುಧೋಳದ ನಿವೃತ್ತ ಮಾಸ್ತರ: ಸಾಹೇಬ್ರ, ನನಗ 73. ಪಿಂಚಣಿ ಬರ್ತೈತಿ, ಎಪಿಎಲ್ ಕಾರ್ಡು. ಆ 5 ಲಕ್ಷದ ಆಯುಷ್ಮಾನ್ ವಯ ವಂದನಾ ಕಾರ್ಡು ನನಗ ಸಿಗತೈತೋ ಇಲ್ಲೋ?

ಡಾಕ್ಟರ್: ಕೇಂದ್ರದ ನಿಯಮದಾಗ ಆದಾಯ ನೋಡಂಗಿಲ್ರಿ. 2024ರ ಸೆಪ್ಟೆಂಬರ್‌ದಾಗ ಸಂಪುಟ ಒಪ್ಪಿತು, ಅಕ್ಟೋಬರ್ 29ಕ್ಕ ಚಾಲೂ ಆತು. 70 ತುಂಬಿರಬೇಕು, ಆಧಾರ್ ಇರಬೇಕು, ಅಷ್ಟ. ಖಾಸಗಿ ವಿಮಾ ಇದ್ರೂ ನಡೀತೈತಿ. ಮಾಜಿ ಸೈನಿಕರ ಇಸಿಎಚ್‌ಎಸ್, ಕೇಂದ್ರ ನೌಕರರ ಸಿಜಿಎಚ್‌ಎಸ್ ಅಂಥಾ ಸರಕಾರಿ ಯೋಜನಾ ಇದ್ದವರು ಮಾತ್ರ ಎರಡರಾಗ ಒಂದ ಆರಿಸಿಕೋಬೇಕು. ಇನ್ನ ನಮ್ಮ ರಾಜ್ಯದ ಆರೋಗ್ಯ ಕರ್ನಾಟಕದ ಲೆಕ್ಕ ಬ್ಯಾರೆ. ಬಿಪಿಎಲ್ ಮನಿತನಕ್ಕ ವರ್ಷಕ್ಕ 5 ಲಕ್ಷ. ಎಪಿಎಲ್ ಆದ್ರ ಪ್ಯಾಕೇಜ್ ದರದ (ಆ ಉಪಚಾರಕ್ಕ ಸರಕಾರ ಗೊತ್ತ ಮಾಡಿದ ದರದ) 30 ಪರ್ಸೆಂಟ್ ಮಾತ್ರ ಸರಕಾರದ್ದು, ಅದೂ ವರ್ಷಕ್ಕ ಒಂದೂವರೆ ಲಕ್ಷದ ಒಳಗ. ಕಾರ್ಡು ಕಪಾಟಿನ್ಯಾಗ ಇಟ್ಟು ಸಮಾಧಾನ ಆಗಬ್ಯಾಡ್ರಿ. ದವಾಖಾನ್ಯಾಗ ಈ ಯೋಜನಾದ ಮಾಹಿತಿ ಕೊಡಾಕ ಆರೋಗ್ಯಮಿತ್ರ ಅಂತ ಕುಂತಿರ್ತಾರ. ನನ್ನ ಈ ಜಡ್ಡಿಗೆ, ಈ ಕಾರ್ಡಿನ ಮ್ಯಾಲೆ, ಇಲ್ಲಿ ಇವತ್ತ ಉಪಚಾರ ನಡೀತೈತೇನು ಅಂತ ಅವರನ್ನ ಮೊದಲ ಕೇಳ್ರಿ.

ಇಳಕಲ್ ಸೀರಿ ಅಂಗಡಿ: ನನಗ ಖರೇ 72 ರೀ, ಆಧಾರದಾಗ 68 ಬಿದ್ದೈತಿ. ಏನ ಮಾಡೂದು?

ಡಾಕ್ಟರ್: ಆಧಾರದಾಗ ಇದ್ದದ್ದೇ ವಯಸ್ಸು. ದಾಖಲೆ ಇದ್ರ ತಿದ್ದಿಸ್ರಿ.

ಬಾದಾಮಿಯ ಒಬ್ಬರು: ನಮ್ಮ ತಂದಿಗೆ ಕಿವಿ ಕೇಳವಲ್ದು. ಕಿವಿ ಮಿಷನ್ ಇದರಾಗ ಬರ್ತೈತೇನ್ರಿ?

ಗುಳೇದಗುಡ್ಡದ ಖಣದ ನೇಕಾರ: ಡಾಕ್ಟ್ರ, ಬಿಪಿಗೆ, ಸಕ್ಕರಿ ಬ್ಯಾನಿಗೆ ತಿಂಗಳಾ ಗುಳಗಿಗೇ ಸಾವಿರದ ಮ್ಯಾಲೆ ಹೋಗತೈತಿ. ನನಗ ತಿಂಗಳಾ ಬರೂದು ಸಂಧ್ಯಾ ಸುರಕ್ಷಾ ಪಿಂಚಣಿದ 1,200. ಕಾರ್ಡು ತೋರಿಸಿದ್ರ ಮೆಡಿಕಲ್‌ನ್ಯಾಗ ಕೊಡ್ತಾರೇನ್ರಿ?

ಡಾಕ್ಟರ್: ಇಲ್ರಿ. ಇದನ್ನ ಯಾವ ಪಕ್ಷದವರೂ ಭಾಷಣದಾಗ ಹೇಳೂದಿಲ್ಲ. 5 ಲಕ್ಷದ ಕಾರ್ಡಿನ್ಯಾಗ ದಿನಾ ನುಂಗೂ ಗುಳಗಿಗೆ ಒಂದು ರೂಪಾಯಿ ಇಲ್ಲ. ಭರ್ತಿ ಆದ್ರ ಮಾತ್ರ, ಅದಕ್ಕ ಮೊದಲಿನ 3 ದಿನ, ಮನಿಗೆ ಬಂದ ಮ್ಯಾಲೆ 15 ದಿನದ ಔಷಧ, ಅಷ್ಟ. ನಾ ಲಕ್ವಾ ಹೊಡದು ಭರ್ತಿ ಮಾಡಿಕೊಂಡ ಮುದುಕರಾಗ ರೊಕ್ಕ ಇಲ್ಲಂತ ಬಿಪಿ ಗುಳಗಿ ಬಿಟ್ಟವರು ಭಾಳ ಮಂದಿ ಇದ್ರು. ಬಿಟ್ಟದ್ದು ಅಗ್ಗದ ಗುಳಗಿ, ಬಿಲ್ಲು ಲಕ್ಷದ್ದು. ಗುಂಪಿನ್ಯಾಗ ಜಗಳ ಆಡೂದಾದ್ರ ಈ ಗುಳಗಿ ಸಲುವಾಗಿ ಆಡ್ರಿ. ನಿಮಗ ಸದ್ಯಕ್ಕ: ಸರಕಾರಿ ದವಾಖಾನಿ ಎನ್‌ಸಿಡಿ ಕ್ಲಿನಿಕ್‌ದಾಗ (ಬಿಪಿ, ಸಕ್ಕರಿಯಂಥಾ ಬ್ಯಾನಿ ನೋಡೂ ವಿಭಾಗ) ಸಕ್ಕರಿಗೆ ಮೆಟ್‌ಫಾರ್ಮಿನ್, ಬಿಪಿಗೆ ಆಮ್ಲೋಡಿಪಿನ್ ಪುಕ್ಕಟ ಕೊಡ್ತಾರ. ಅಲ್ಲಿ ಸಿಗದ್ದನ್ನ ಅಗ್ಗದ ಔಷಧದ ಜನೌಷಧಿ ಅಂಗಡ್ಯಾಗ ತಗೋರಿ.

ಜಮಖಂಡಿ ಕಬ್ಬಿನ ರೈತ: ಸಾಹೇಬ್ರ, ಮಣಕಾಲ ಬದಲಿ ಮಾಡಸೂದು ಪ್ಯಾಕೇಜಿನ್ಯಾಗ ಐತೇನ್ರಿ? ಮತ್ತ ರಾಜ್ಯ ಸರಕಾರ ಎಪ್ಪತ್ತರ ಯೋಜನಾಕ್ಕ ಯಾಕ ಅಡ್ಡಗಾಲು ಹಾಕೇತಿ?

ಬಾದಾಮಿಯ ಇನ್ನೊಬ್ಬರು: ಅಡ್ಡಗಾಲಲ್ಲೋ ಮಾರಾಯಾ, ರೊಕ್ಕದ ಪ್ರಶ್ನೆ. ಖರ್ಚಿನ್ಯಾಗ ಕೇಂದ್ರದ್ದು 60, ರಾಜ್ಯದ್ದು 40 ಅಂತಾರ, ಆದ್ರ ಕೇಂದ್ರ ತನ್ನ ಪಾಲು ಕೊಡೂದು 2011ರ ಸಾಮಾಜಿಕ-ಆರ್ಥಿಕ ಗಣತಿ ಪಟ್ಟಿ ಹಿಡದು, ಸುಮಾರು 62 ಲಕ್ಷ ಮನಿತನಕ್ಕ. ಉಳಿದ ರೇಶನ್ ಕಾರ್ಡಿನವರ ಖರ್ಚು ಪೂರಾ ರಾಜ್ಯದ್ದು. ಫೋಟೋ ಒಬ್ಬರದು, ಬಿಲ್ಲು ಇನ್ನೊಬ್ಬರದು.

ಅಡ್ಮಿನ್: ರಾಜಕೀಯ ಬ್ಯಾಡ ಅಂದಿದ್ದೆ.

ಬೀಳಗಿ ತಾಲೂಕಿನ ಒಬ್ಬ ಮಗ: ಡಾಕ್ಟ್ರ, ನಮ್ಮ ಅವ್ವಗ 74. ಸಕ್ಕರಿ ಬ್ಯಾನಿ ಹಳೇದು. ಹಿಂಗ ಮಾಡಿದ್ರ ಸಕ್ಕರಿ ಬ್ಯಾನಿ ಹೋಗತೈತಿ ಅಂತ ಇದ ಗುಂಪಿನ್ಯಾಗ ಬಂದ ವಿಡಿಯೋ ನೋಡಿ ಹಾಗಲಕಾಯಿ ಅರದು ಬುಟ್ಟ್ಯಾಗ ಹಾಕಿ, ಬಾಯಿ ಕಹಿ ಆಗೂತನಕ ಬರಿಗಾಲಿಲೆ ತುಳದಾಳ. ಇನ್ಸುಲಿನ್ ಬಿಟ್ಟಾಳ. ಕಾಲಿನ ಹೆಬ್ಬಟ್ಟಿನ ಬಾಜೂಕ ಗುಳ್ಳಿ ಎದ್ದು ಒಡದು ಈಗ ಕಪ್ಪ ಆಗೈತಿ. ನೋವಿಲ್ಲ ಅಂತಾಳ. ನಮ್ಮ ಬಿಪಿಎಲ್ ಕಾರ್ಡು ಎಪಿಎಲ್ ಆಗಿ ಕುಂತೈತಿ. ಎಪ್ಪತ್ತರ ಕಾರ್ಡಿಗೆ ಬೆರಳಚ್ಚು ಹತ್ತವಲ್ದು, ಸೋಮವಾರ ಬರ್ರಿ ಅಂದಾರ. ಕಾರ್ಡು ಬಂದ ಮ್ಯಾಲೆ ತೋರಸ್ಲೇನ್ರಿ?

ಡಾಕ್ಟರ್: ಜ್ವರ ಐತೇನು? ವಾಸನಿ? ಕೆಂಪು ಪಾದದ ಮ್ಯಾಲೆ ಏರೈತೇನು? ಊಟಾ ಮಾಡ್ತಾರೇನು?

ಬೀಳಗಿ ತಾಲೂಕಿನ ಮಗ: ನಿನ್ನಿಂದ ಜ್ವರ ಐತ್ರಿ. ವಾಸನಿ ಬರಾಕತ್ತೈತಿ. ಪಾದ ಬಾತೈತಿ, ಹಿಮ್ಮಡದ ತನಕ ಕೆಂಪ. ಮಧ್ಯಾಹ್ನದಿಂದ ಮಬ್ಬಿನ್ಯಾಗ ಮಲಗ್ಯಾಳ.

ಡಾಕ್ಟರ್: ತಮ್ಮಾ, ಫೋನ್ ಕೆಳಗಿಟ್ಟು 108ಕ್ಕ ಹಚ್ಚು. ಇದು ಸೋಮವಾರದ ತನಕ ಕಾಯೂ ಕೇಸಲ್ಲ, ನಾಳಿ ಮುಂಜಾನಿ ತನಕನೂ ಅಲ್ಲ. ಜಿಲ್ಲಾ ಆಸ್ಪತ್ರಿಗೆ ಒಯ್ಯಿ.

ನೋವಿಲ್ಲ ಅಂತ ಅವ್ವ ಹೇಳೂದನ್ನ ನಂಬಬ್ಯಾಡ. ಹಳೇ ಸಕ್ಕರಿ ಬ್ಯಾನ್ಯಾಗ ಕಾಲಿನ ನರ ಸತ್ತಿರ್ತಾವ. ಮೊಳಿ ಚುಚ್ಚಿದ್ರೂ, ಸುಟ್ಟರೂ ಗೊತ್ತಾಗಂಗಿಲ್ಲ. ಬರಿಗಾಲಿಲೆ ಅಷ್ಟೊತ್ತು ತುಳದಾಗ ಚರ್ಮ ಹಸಿ ಆಗಿ ಎಲ್ಲೋ ಸೀಳಿರಬೇಕು, ಅಲ್ಲಿಂದ ನಂಜು ಒಳಗ ಹೊಕ್ಕೈತಿ. ಮ್ಯಾಲೆ ಇನ್ಸುಲಿನ್ ಬಿಟ್ಟಾರ. ಕಪ್ಪು ಅಂದ್ರ ಅಲ್ಲಿ ರಕ್ತ ಹರೀವಲ್ದು. ಜ್ವರ, ಮಬ್ಬು ಅಂದ್ರ ನಂಜು ಕಾಲಿನ್ಯಾಗಷ್ಟ ಉಳಿದಿಲ್ಲ, ರಕ್ತದಾಗ ಕೂಡಿರಬಹುದು, ಸಕ್ಕರಿನೂ ಭಾಳ ಏರಿರಬಹುದು. ಈಗ ಹೋದ್ರ ಬೆರಳಿನ ಮಾತು. ತಡಾ ಮಾಡಿದ್ರ ಮಣಕಾಲಿನ ಮಾತು, ಆಮ್ಯಾಲೆ ಜೀವದ ಮಾತು.

ಗಾಯಕ್ಕ ಅರಿಷಿಣ, ಬೂದಿ, ಸುಣ್ಣ ಏನೂ ಹಚ್ಚಬ್ಯಾಡ. ಬಿಸಿ ನೀರಾಗ ಕಾಲ ಇಡಬ್ಯಾಡ. ಸ್ವಚ್ಛ ಅರಿವಿ ಸಡಿಲ ಸುತ್ತು, ನಡಸಬ್ಯಾಡ, ಎತ್ತಿಕೊಂಡು ಹೋಗು. ಮಬ್ಬಿನ್ಯಾಗ ಇದ್ದವರ ಬಾಯಾಗ ನೀರು, ಗಂಜಿ ಹಾಕಬ್ಯಾಡ. ಬಿಟ್ಟ ಇನ್ಸುಲಿನ್ ನೀನ ಅಂದಾಜಿಲೆ ಚುಚ್ಚಬ್ಯಾಡ, ಅಲ್ಲಿ ಸಕ್ಕರಿ ನೋಡಿ ಅವರ ಕೊಡ್ತಾರ. ಹಳೇ ಚೀಟಿ, ಇನ್ಸುಲಿನ್ ಬಾಟಲಿ, ಆಧಾರ್, ರೇಶನ್ ಕಾರ್ಡು ಒಂದ ಚೀಲದಾಗ ತಗೋ.

ಕಾರ್ಡಿನ ಮಾತು ಅಂದ್ರ: ತುರ್ತು ಕೇಸಿಗೆ ರೆಫರಲ್ ಚೀಟಿ (ಒಂದು ದವಾಖಾನಿಯಿಂದ ಇನ್ನೊಂದಕ್ಕ ಕಳಸೂ ಚೀಟಿ) ಬೇಕಾಗಿಲ್ಲ. ಮೊದಲ ಭರ್ತಿ, ಕಾಗದ ಆಮ್ಯಾಲೆ. ಕೌಂಟರಿನ್ಯಾಗ ಯಾರರ ಮೊದಲ ಕಾರ್ಡು ಅಂದ್ರ, ತುರ್ತು ವಿಭಾಗದ ಡಾಕ್ಟರ್ ಕಡೆ ಬರಿಸಿಕೋ. ಹೊಂಟ ಮ್ಯಾಲೆ ಇಲ್ಲಿ ಒಂದು ಮೆಸೇಜ್ ಹಾಕು.

ಹುನಗುಂದದ ಕಾಕಾ: ಡಾಕ್ಟರ್, ಹಾಗಲಕಾಯಿ ವಿಡಿಯೋ ಹಾಕಿದವ ನಾನ. ನೂರಾರು ಮಂದಿಗೆ ಗುಣ ಆಗೈತಂತ. ಆಕಿ ಸರಿಯಾಗಿ ತುಳದಿರಲಿಕ್ಕಿಲ್ಲ. ಇಂಗ್ಲಿಷ್ ಔಷಧದವರು ನಮ್ಮ ನಾಟಿ ಪದ್ಧತಿ ಬೆಳ್ಯಾಕ ಬಿಡೂದಿಲ್ಲ.

ಡಾಕ್ಟರ್: ಕಾಕಾ, ಹಾಗಲಕಾಯಿ ಪಲ್ಯಾ ಮಾಡಿ ಉಣ್ಣ್ರಿ, ನನ್ನ ತಕರಾರಿಲ್ಲ. ಪಾದಕ್ಕ ಹಚ್ಚಿದ ಕಹಿ ಬಾಯಿಗೆ ಬಂದ್ರ ಸಕ್ಕರಿ ಇಳದಂಗಲ್ಲ. ಆ ವಿಡಿಯೋ ಈಗಿಂದೀಗ ಅಳಸ್ರಿ.

ಹುನಗುಂದದ ಕಾಕಾ: ಅಳಸೂದಿಲ್ಲ.

ಅಡ್ಮಿನ್: ನಾ ಅಳಸೇನಿ.

ಗುಳೇದಗುಡ್ಡದ ನೇಕಾರ: ನನ್ನದೂ ಒಂದು ಮಾತು. ಪಿಂಚಣಿ ಇದ್ದ ಮಾಸ್ತರಿಗೂ 5 ಲಕ್ಷ, ನಮಗೂ 5 ಲಕ್ಷ ಅಂದ್ರ ಅದ್ಯಾವ ನ್ಯಾಯ? ಆ ರೊಕ್ಕದಾಗ ನಮ್ಮ ಗುಳಗಿ ಕೊಡ್ಲಿ.

ಮುಧೋಳದ ಮಾಸ್ತರ: ನೇಕಾರಣ್ಣಾ, ರಾಜ್ಯ ಸರಕಾರಿ ನೌಕರರ ಪುಕ್ಕಟ ಉಪಚಾರದ ಜ್ಯೋತಿ ಸಂಜೀವಿನಿ ಯೋಜನಾ ಮಾಡಿದ್ದು ಸೇವಾದಾಗ ಇದ್ದವರಿಗೆ. ನಿವೃತ್ತ ಆದವರನ್ನ ಹೊರಗಿಟ್ರು. 65 ದಾಟಿದವರಿಗೂ ವಿಮಾ ಪಾಲಿಸಿ ಕೊಡಬೇಕಂತ 2024ರಾಗ ನಿಯಮ ಬಂತು, 2025ರ ಸೆಪ್ಟೆಂಬರ್‌ದಾಗ ಪ್ರೀಮಿಯಂ ಮ್ಯಾಲಿನ ಜಿಎಸ್‌ಟಿನೂ ತಗದ್ರು. ಆದ್ರ 73ಕ್ಕ ಹೊಸಾ ಪಾಲಿಸಿಗೆ ಎಷ್ಟ ಕೇಳ್ತಾರ ನೋಡು ಒಮ್ಮೆ. ಅದ ತುಂಬಿದ್ರ ನಾವು ಉಣ್ಣೂದೇನು?

ಗುಳೇದಗುಡ್ಡದ ನೇಕಾರ: ಉಣ್ಣೂ ಮಾತು ನಮ್ಮ ಮುಂದ ಆಡಬ್ಯಾಡ್ರಿ ಮಾಸ್ತರ.

ಖಾನಾಪುರ ಕಡೆಯವರು: ನಮ್ಮಲ್ಲಿ ಬ್ಯಾರೆ ಗದ್ದಲ. 2023ರಾಗ ಮಹಾರಾಷ್ಟ್ರದವರು ತಮ್ಮ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನಾ ನಮ್ಮ ಗಡಿಯ 865 ಹಳ್ಳಿಗೂ ಐತಿ ಅಂದ್ರು. ನಮ್ಮಜ್ಜಗ ಅದರಾಗ ತೋರಿಸಿದ್ರ ತಪ್ಪೇನು?

ಜಮಖಂಡಿ ರೈತ: ತಪ್ಪ! ಕನ್ನಡ ನಾಡಿನ್ಯಾಗ ಉಂಡು ಅವರ ಕಾಗದಕ್ಕ ಸಹಿ ಮಾಡ್ತೀರೇನು? ಅದು ಉಪಚಾರ ಅಲ್ಲ, ಗಡಿ ಕೇಳೂ ಹಂಚಿಕಿ. ಆಗಿನ ನಮ್ಮ ಸರಕಾರನೂ ವಿರೋಧ ಮಾಡಿತ್ತು.

ಖಾನಾಪುರ ಕಡೆಯವರು: ಎದಿ ಹಿಡಕೊಂಡು ಅಜ್ಜ ಒದ್ದಾಡೂ ಮುಂದ ನಿಮ್ಮ ಗಡಿ ಬಂದು ನಿಂದರತೈತೇನು? ನಮ್ಮ ಊರಿಗೆ ಒಂದು ನೆಟ್ಟಗ ರಸ್ತಾ ಮಾಡಿಸ್ರಿ ಮೊದಲ.

ವಿಜಯಪುರದವರು: ರಸ್ತಾ ಬಿಡ್ರಿ, ನಮ್ಮಲ್ಲಿ ಮೆಡಿಕಲ್ ಕಾಲೇಜು ಪಿಪಿಪಿ (ಸರಕಾರ, ಖಾಸಗಿ ಕೂಡಿ ನಡಸೂದು) ಬ್ಯಾಡ, ಪೂರಾ ಸರಕಾರಿ ಬೇಕಂತ 2025ರಾಗ ಧರಣಿ ಕುಂತ್ರು. ಕಾರ್ಡು ಕೊಟ್ಟು ಖಾಸಗಿಯವರ ಬಾಗಲಿಗೆ ಕಳಸೂದಕ್ಕಿಂತ ಸರಕಾರಿ ಹಾಸಿಗಿ ಹೆಚ್ಚ ಮಾಡ್ಲಿ.

ಬಾದಾಮಿಯ ಒಬ್ಬರು: ಕಿವಿ ಮಿಷನ್ ಕೇಳಿದ್ದೆ…

ಡಾಕ್ಟರ್: ಖಾನಾಪುರದವರ, ಎದಿ ನೋವು ಬಂದ್ರ ಯಾವ ರಾಜ್ಯದ ಯೋಜನಾ ಅಂತ ಹುಡಕ್ಯಾಡಬ್ಯಾಡ್ರಿ. ಸಮೀಪದ ತಾಲೂಕಾ ದವಾಖಾನಿಗೆ ಹೋಗಿ ಇಸಿಜಿ ತಗಸ್ರಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ ಐತಿ, ಹೃದಯಾಘಾತ ಅಂತ ಖಾತ್ರಿ ಆದ್ರ ಹೆಪ್ಪು ಕರಗಸೂ ಟೆನೆಕ್ಟಪ್ಲೇಸ್ ಸೂಜಿ ಅಲ್ಲೇ ಪುಕ್ಕಟ. ಉಳಿದ ಗಡಿ ಮಾತು ನನ್ನ ಇಲಾಖಾ ಅಲ್ಲ.

ಇಳಕಲ್ ಸೀರಿ ಅಂಗಡಿ: ಆಧಾರ್ ಬಿಟ್ಟು ವೋಟರ್ ಕಾರ್ಡಿನ್ಯಾಗ 72 ಐತ್ರಿ, ಅದು ನಡೀತೈತೇನು?

ಡಾಕ್ಟರ್: ಮ್ಯಾಲೆ ಹೇಳೇನಿ.

ಹುನಗುಂದದ ಕಾಕಾ: ಪುಕ್ಕಟ ಸೂಜಿ ಯಾಕ ಕೊಡ್ತಾರಂತ ಯಾರರ ವಿಚಾರ ಮಾಡೀರೇನು? ಬಳ್ಳೊಳ್ಳಿ ಜೇನುತುಪ್ಪದಾಗ ನೆನಸಿ…

ಡಾಕ್ಟರ್: ಅಡ್ಮಿನ್, ಇವರನ್ನ ತಗೀತೀರೋ, ನಾ ಏಳ್ಲೋ?

ಬೀಳಗಿ ತಾಲೂಕಿನ ಮಗ: ಜಿಲ್ಲಾ ಆಸ್ಪತ್ರಿಗೆ ಬಂದೇವ್ರಿ. ಸಕ್ಕರಿ 486. ಸಲಾಯಿನ್ ಹಚ್ಯಾರ. ರೆಫರಲ್ ಯಾರೂ ಕೇಳಲಿಲ್ಲ. ಹೆಬ್ಬಟ್ಟು ತಗೀಬೇಕಾಗತೈತಿ, ಇನ್ನೊಂದು ಬೆರಳು ನೋಡಿ ಹೇಳ್ತೀವಿ ಅಂದ್ರು.

ಡಾಕ್ಟರ್: ಸಹಿ ಮಾಡು, ತಡಾ ಮಾಡಬ್ಯಾಡ. ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷಾ) ರಿಪೋರ್ಟ್ ಬಂದ ಮ್ಯಾಲೆ ನನಗ ಬ್ಯಾರೆ ಕಳಸು, ಗುಂಪಿನ್ಯಾಗ ಬ್ಯಾಡ. ಇನ್ನೊಂದು ಕಾಲಿನ ಬೆರಳ ಸಂದಿನೂ ನೋಡಾಕ ಹೇಳು. ಬಿಪಿಎಲ್ ಎಪಿಎಲ್ ಆದದ್ದರ ಬಗ್ಗೆ ಸೋಮವಾರ ತಹಶೀಲ್ದಾರ್ ಕಚೇರ್ಯಾಗ ಆಹಾರ ಶಿರಸ್ತೇದಾರರಿಗೆ ಅರ್ಜಿ ಕೊಡು. ನಿಮ್ಮ ಆದಾಯ ವರ್ಷಕ್ಕ 1.20 ಲಕ್ಷದ ಒಳಗ ಇದ್ರ ಕೇಳೂ ಹಕ್ಕು ಐತಿ.

ಮುಧೋಳದ ಮಾಸ್ತರ: ನೋಡ್ರಿ, ಇದಕ್ಕ ಆದಾಯ ನೋಡದ ಎಲ್ಲಾರಿಗೂ ಕೊಡ್ರಿ ಅನ್ನೂದು. ಒಂದು ಕಾರ್ಡಿನ ಬಣ್ಣ ಬದಲಾದ್ರ ಮುದುಕಿ ಗತಿ ಹಿಂಗಾತು.

ಗುಳೇದಗುಡ್ಡದ ನೇಕಾರ: ಆಕಿಗೆ ಬೇಕಾಗಿದ್ದು ಮೊದಲ ಇನ್ಸುಲಿನ್ ಕೊಡೂ ಒಬ್ಬ ನರ್ಸಮ್ಮ. ಇರಲಿ, ಮಾಸ್ತರ, ನಿಮ್ಮ ಸಂಗಟ ವಾದಾ ಮಾಡಿದ್ರ ನನ್ನ ಮಗ್ಗ ನಿಂದರತೈತಿ. ಡಾಕ್ಟ್ರ, ಆ ಎನ್‌ಸಿಡಿ ಕ್ಲಿನಿಕ್‌ಕ್ಕ ಎಷ್ಟಕ್ಕ ಹೋಗಬೇಕ್ರಿ?

ಡಾಕ್ಟರ್: ಮುಂಜಾನಿ 9ಕ್ಕ. ಖಾಲಿ ಹೊಟ್ಟಿಲೆ ಹೋಗ್ರಿ, ಬುತ್ತಿ ಕಟಗೊಂಡು ಹೋಗ್ರಿ, ರಕ್ತ ಕೊಟ್ಟ ಕೂಡಲೇ ಉಣ್ಣ್ರಿ. ಹಳೇ ಚೀಟಿ ಮರೀಬ್ಯಾಡ್ರಿ.