ಪಿಕಪ್‌ಗೆ ಹೊಸ ಬಾಡಿ: ಕಬ್ಬಿಣವೋ ಅಲ್ಯೂಮಿನಿಯಮ್ಮೋ? ಹಾಕಿಸಿದವರು ಅನುಭವ ಹೇಳಿ

ಚಿಂತಾಮಣಿ ಸೊಪ್ಪಿನ ಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು 1.7 ಟನ್ ಬೊಲೆರೊ ಪಿಕಪ್, ಒಂಬತ್ತಡಿ ಬಾಡಿ. ತಳದ ಶೀಟು ತುಕ್ಕು ಹಿಡಿದು ತೂತು ಬಿದ್ದಿದೆ. ಹಿಂದಿನ ಡಾಲಾ (ತೆರೆಯುವ ಬಾಗಿಲು) ಎತ್ತಿದರೆ ಹಿಂಜೇ ಕಿತ್ತು ಬರುತ್ತದೆ. ಬಾಡಿ ಪೂರ್ತಿ ಹೊಸದು ಕಟ್ಟಿಸಬೇಕು. ಕಬ್ಬಿಣಕ್ಕೆ 82,000, ಅಲ್ಯೂಮಿನಿಯಮ್ಮಿಗೆ 1,65,000 ಹೇಳಿದ್ದಾರೆ. ಕೊತ್ತಂಬರಿ, ಪಾಲಕ್, ಬೀನ್ಸು ಬೆಂಗಳೂರಿಗೆ ಹೊಡೆಯುತ್ತೇನೆ. ಸೊಪ್ಪಿನ ನೀರು ರಾತ್ರಿಯೆಲ್ಲಾ ಸೋರುತ್ತದೆ. ಪಕ್ಕಕ್ಕೆ ಎರಡಡಿ ಗ್ರಿಲ್ಲೂ ಬೇಕು. ಕಂತು ಇನ್ನೂ ಮುಗಿದಿಲ್ಲ. ತೂಕ ನಿಜವಾಗಿ ಎಷ್ಟು ಕಡಿಮೆಯಾಗುತ್ತದೆ? ಜಾಸ್ತಿ ಕೊಟ್ಟ ದುಡ್ಡು ಹುಟ್ಟುತ್ತಾ?

ಕೋಲಾರ ಮಂಡಿ ಲೈನ್:
ಕಣ್ಣು ಮುಚ್ಚಿಕೊಂಡು ಅಲ್ಯೂಮಿನಿಯಂ ಹಾಕಿಸಿ ಅಣ್ಣ. ನಾನು ಹಾಕಿಸಿದಾಗ ಮಂಡಿಯಲ್ಲಿ ಎಲ್ಲರೂ ದುಡ್ಡು ಜಾಸ್ತಿಯಾಗಿದೆ ಅಂದರು. ಈಗ ಅವರೇ ವಿಳಾಸ ಕೇಳುತ್ತಾರೆ.

ಲೆಕ್ಕ ಹೇಳುತ್ತೇನೆ. ಕಬ್ಬಿಣದ ಶೀಟು 1 ಎಂಎಂ ದಪ್ಪಕ್ಕೆ ಚದರಡಿಗೆ ಮುಕ್ಕಾಲು ಕೆಜಿ ಹತ್ತಿರ ಬರುತ್ತದೆ. 3 ಎಂಎಂ ಚೆಕರ್ ಪ್ಲೇಟ್ (ಜಾರದ ಹಾಗೆ ಉಬ್ಬು ಗೆರೆ ಇರುವ ಶೀಟು) ಅಂದರೆ ಮೇಲಿನ ಉಬ್ಬು ಸೇರಿ 2.3 ಕೆಜಿ ದಾಟುತ್ತದೆ. ಒಂಬತ್ತಡಿಗೆ ಐದೂವರೆ ಅಡಿ ತಳ, ಹೆಚ್ಚುಕಡಿಮೆ 50 ಚದರಡಿ. ತಳವೊಂದೇ 115 ಕೆಜಿ. ಅದೇ ದಪ್ಪದ ಅಲ್ಯೂಮಿನಿಯಂ 40 ಕೆಜಿ. ಪಕ್ಕ, ಡಾಲಾ, ಗ್ರಿಲ್ ಎಲ್ಲಾ ಸೇರಿ ನನ್ನ ಖಾಲಿ ಗಾಡಿಯ ಹಳೆ ತೂಕದ ಚೀಟಿಗೂ ಹೊಸ ಚೀಟಿಗೂ 180 ಕೆಜಿ ವ್ಯತ್ಯಾಸ ಬಂತು. ಎರಡೂ ಒಂದೇ ವೇಬ್ರಿಡ್ಜ್‌ನದ್ದು.

ನಮ್ಮ ಟೊಮೇಟೊ ಬಾಕ್ಸ್ 15 ಕೆಜಿ, ಕ್ರೇಟ್ ತೂಕ ಬೇರೆ. ಅಂದರೆ ಪ್ರತಿ ಲೋಡಿಗೆ ಹತ್ತು ಬಾಕ್ಸ್ ಜಾಸ್ತಿ. ಬಾಕ್ಸಿಗೆ 30 ರೂಪಾಯಿ ಬಾಡಿಗೆ ಹಿಡಿದರೆ ಲೋಡಿಗೆ 300. ನಿಮ್ಮ 83,000 ವ್ಯತ್ಯಾಸ ಇನ್ನೂರೆಂಬತ್ತು ಲೋಡಿಗೆ ತೀರುತ್ತದೆ. ಆಮೇಲೆ ಬರುವುದೆಲ್ಲಾ ನಿಮ್ಮದೇ. 2023ರ ಜುಲೈನಲ್ಲಿ ಬಾಕ್ಸ್ 2,000 ದಾಟಿದ್ದು ನೆನಪಿದೆಯಲ್ಲ? ಆಗ ಒಂದು ಬಾಕ್ಸ್ ಬಿಟ್ಟು ಬರುತ್ತೇನೆ ಅಂದರೂ ಸಾಹುಕಾರರು ಒಪ್ಪುತ್ತಿರಲಿಲ್ಲ. ಮಾರುವಾಗಲೂ ಅಲ್ಯೂಮಿನಿಯಂ ಗುಜರಿಗೆ ಕಬ್ಬಿಣದ ಹಲವು ಪಟ್ಟು ರೇಟು ಇದೆ.

ಮಲ್ಪೆ ಐಸ್ ಗಾಡಿ:
ಅಲ್ಯೂಮಿನಿಯಮ್ಮಿಗೆ ಏನೂ ಆಗುವುದಿಲ್ಲ ಅಂತ ಹೇಳುವವರು ಒಮ್ಮೆ ಮಲ್ಪೆ ಬಂದರಿಗೆ ಬನ್ನಿ ಮಾರಾಯ್ರೆ, ನನ್ನ ಗಾಡಿ ತೋರಿಸುತ್ತೇನೆ.

1,58,000 ಕೊಟ್ಟು ಕಟ್ಟಿಸಿದ್ದು. ಅಡಿಯ ಅಡ್ಡಪಟ್ಟಿ ಕಬ್ಬಿಣ, ಮೇಲೆ ಅಲ್ಯೂಮಿನಿಯಂ ತಳ, ಮಧ್ಯೆ ಸಾದಾ ಕಬ್ಬಿಣದ ಬೋಲ್ಟು. ನಡುವೆ ಒಂದು ರಬ್ಬರ್ ತುಂಡು ಇಟ್ಟಿಲ್ಲ ಪುಣ್ಯಾತ್ಮ. ಮೀನಿನ ಐಸ್ ಕರಗಿದ ಉಪ್ಪುನೀರು ಆ ಸಂದಿಗೆ ಇಳಿಯಿತು. ಎರಡು ಲೋಹ ಮುಟ್ಟಿಕೊಂಡು ಉಪ್ಪುನೀರು ಸಿಕ್ಕಿದರೆ ಅಲ್ಯೂಮಿನಿಯಮ್ಮೇ ಮೊದಲು ತಿಂದು ಹೋಗುವುದು. ಬೋಲ್ಟಿನ ತಲೆ ಸುತ್ತ ಬಿಳಿ ಪುಡಿ ಎದ್ದಿತ್ತು. ಬೆರಳಲ್ಲಿ ಒರೆಸಿದರೆ ಕೈಗೆ ಬರುತ್ತದೆ, ಕೆಳಗೆ ಗುಂಡಿ. ಬೋಲ್ಟು ಗಟ್ಟಿ ಇದೆ, ಅದು ಹಿಡಿದುಕೊಂಡಿದ್ದ ಶೀಟೇ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆ ರಜೆಯಲ್ಲೇ ಬಿಚ್ಚಿಸಿದೆ. ಬಿಚ್ಚುವ ಕೂಲಿ 4,500. ಅಲ್ಯೂಮಿನಿಯಮ್ಮಿಗೆ ಮಾಡುವ ಆರ್ಗನ್ ವೆಲ್ಡಿಂಗ್ 11,200. ಸ್ಟೇನ್‌ಲೆಸ್ ಬೋಲ್ಟು, ನಟ್ಟು, ವಾಷರ್ 6,850. ರಬ್ಬರ್ ಪಟ್ಟಿ 2,300. ತಳದ ಹಿಂದಿನ ಅರ್ಧ ಹೊಸ ಶೀಟು 19,000. ಕಟ್ಟಿದವರಿಗೆ ಫೋನ್ ಮಾಡಿದರೆ "ನೀವು ತೊಳೆಯುವುದಿಲ್ಲ" ಅನ್ನುತ್ತಾರೆ. ದಿನಾ ಬಂದರಿನಿಂದ ಹೊರಡುವ ಮೊದಲು ಸಿಹಿನೀರು ಹೊಡೆಯುತ್ತೇನೆ ನಾನು. ಮಗು ಮೀಯಿಸಿದ ಹಾಗೆ ಮೀಯಿಸಿದ್ದೇನೆ.

ಸಕಲೇಶಪುರ ಶುಂಠಿ ಲೋಡ್:
ಇವೆರಡೂ ಬೇಡ. ಚೌಕಟ್ಟು ಮಾತ್ರ ಕಬ್ಬಿಣ, ತಳಕ್ಕೆ ಮರ. ನನ್ನದು ಹೊನ್ನೆ ಹಲಗೆ, ಒಂದಿಂಚು. ಶುಂಠಿ ಚೀಲ ಎಸೆದರೂ ಸದ್ದಿಲ್ಲ, ಕಾಫಿ ಚೀಲ ಜಾರುವುದಿಲ್ಲ, ಬಿಸಿಲಲ್ಲಿ ಕಾಯುವುದಿಲ್ಲ. ಒಂದು ಹಲಗೆ ಒಡೆದರೆ ಅದೊಂದನ್ನೇ ಬದಲಾಯಿಸಿದರೆ ಆಯಿತು. ಹೋದ ಮಳೆಗಾಲ ಆದಮೇಲೆ ಎರಡು ಹಲಗೆ ಹಾಕಿಸಿದೆ. ಮರ 3,400, ಆಚಾರರ ಕೂಲಿ 1,200, ಬೋಲ್ಟು 260. ಅಷ್ಟೇ ಖರ್ಚು. ಆರ್ಗನ್ ಮಿಷನ್ ಹುಡುಕಿಕೊಂಡು ಜಿಲ್ಲೆ ದಾಟುವ ಕೆಲಸ ಇಲ್ಲ. ಮರ ಹಗುರ ಬೇರೆ.

ತುಮಕೂರು ಇಟ್ಟಿಗೆ:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 4 ಎಂಎಂ ಚೆಕರ್ ಪ್ಲೇಟ್ ಹೊಡೆಸಿ, ಹಿಂದೆ ಕಮಾನಿಗೆ (ಪಟ್ಟಿ ಸ್ಪ್ರಿಂಗಿಗೆ) ಎರಡು ಪಟ್ಟಿ ಸೇರಿಸಿ. ಪಟ್ಟಿ, ಸೆಂಟರ್ ಬೋಲ್ಟು, ಯೂ ಬೋಲ್ಟು ಎಲ್ಲಾ ಸೇರಿ 9,600 ಆಯಿತು ನನಗೆ. ಎರಡೂವರೆ ಟನ್ ಹಾಕಿದರೂ ಹಿಂದೆ ಕೂರುವುದಿಲ್ಲ. 50 ಕೆಜಿ, 100 ಕೆಜಿ ಅಂತ ಲೆಕ್ಕ ಹಾಕುತ್ತಾ ಕೂತರೆ ಬಾಡಿಗೆ ಬೇರೆಯವರ ಪಾಲಾಗುತ್ತದೆ.

ಕೋಲಾರ ಮಂಡಿ ಲೈನ್:
ಎರಡೂವರೆ ಟನ್ನಾ? 1.7ರ ಗಾಡಿಗೆ? ನಿಮ್ಮಂಥವರಿಂದಲೇ ನಮ್ಮ ಬಾಡಿಗೆ ರೇಟು ಬಿದ್ದಿರುವುದು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಓವರ್‌ಲೋಡಿಗೆ 20,000 ದಂಡ. ಮೇಲಿನ ಪ್ರತಿ ಟನ್ನಿಗೆ ಇನ್ನೊಂದು 2,000. ಜಾಸ್ತಿ ಇರುವ ಮಾಲನ್ನು ರಸ್ತೆಯಲ್ಲೇ ಇಳಿಸಬೇಕು.

ತುಮಕೂರು ಇಟ್ಟಿಗೆ:
ಕಾನೂನು ಪಾಠ ಬೇಡ. ಡ್ರೈವರ್ ಸಂಬಳ, ಡೀಸೆಲ್, ಇನ್ಶೂರೆನ್ಸು ಕಟ್ಟಿ ನೋಡಿ. ಇಟ್ಟಿಗೆ ಲೈನಲ್ಲಿ ಲೀಗಲ್ ಲೋಡ್ ಹಾಕಿ ಕಂತು ಕಟ್ಟಿದವನನ್ನು ನಾನು ಕಂಡಿಲ್ಲ.

ಹುಬ್ಬಳ್ಳಿ ಬಾಡಿ ಕೆಲಸ:
ನಾನು ಬಾಡಿ ಕಟ್ಟುವವನೇ ನೋಡ್ರಿ. ಎಲ್ಲರಿಗೂ ಒಂದೊಂದು ಮಾತು ಇದೆ.

ತುಮಕೂರಿನವರೇ, ಪಟ್ಟಿ ಸೇರಿಸಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಡಿ. ಎಲ್‌ಎಸ್‌ಪಿವಿ, ಅಂದರೆ ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕ್ ಪ್ರೆಷರ್ ಹೊಂದಿಸುವ ವಾಲ್ವ್, ಇರುವ ಗಾಡಿಯಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ಕಡ್ಡಿ ಇರುತ್ತದೆ. ಲೋಡ್ ಬಿದ್ದು ಚಾಸಿ ಕೆಳಗಿಳಿದರೆ ಆ ಕಡ್ಡಿ ಎಳೆದು ಹಿಂದಿನ ಬ್ರೇಕಿಗೆ ಪ್ರೆಷರ್ ಜಾಸ್ತಿ ಬಿಡುತ್ತದೆ. ನೀವು ಪಟ್ಟಿ ಸೇರಿಸಿ ಹಿಂದೆ ಕೂರದ ಹಾಗೆ ಮಾಡಿದಿರಿ. ಗಾಡಿ ಖಾಲಿ ಇದೆ ಅಂತಲೇ ಆ ವಾಲ್ವ್ ತಿಳಿಯುತ್ತದೆ. ಎರಡೂವರೆ ಟನ್ ಇಟ್ಟಿಗೆ ಮೇಲೆ, ಹಿಂದಿನ ಬ್ರೇಕ್ ಅರ್ಧ. ಮುಂದಿನ ಪ್ಯಾಡು ಎಷ್ಟು ಬೇಗ ಸವೆಯುತ್ತಿದೆ ಅಂತ ಬಿಚ್ಚಿ ನೋಡಿ.

ಮಲ್ಪೆಯವರಿಗೆ ಆದದ್ದು ಲೋಹದ ತಪ್ಪಲ್ಲ, ಕಟ್ಟಿದ ರೀತಿಯ ತಪ್ಪು. 5052 ಅಥವಾ 5083 ಗ್ರೇಡಿನ ಅಲ್ಯೂಮಿನಿಯಂ ಆದರೆ ಉಪ್ಪುನೀರಿಗೂ ತಡೆಯುತ್ತದೆ, ಕಬ್ಬಿಣಕ್ಕೆ ನೇರ ಮುಟ್ಟಿಸಬಾರದು ಅಷ್ಟೇ. 6061 ಗ್ರೇಡಿನ ಪಟ್ಟಿಗೆ ಬೆಸುಗೆ ಹಾಕಿದರೆ ಆ ಜಾಗದ ಸುತ್ತ ಬಲ ಅರ್ಧದಷ್ಟು ಇಳಿಯಬಹುದು. ಸೀಳು ಬಿಡುವುದು ಅಲ್ಲೇ. ಹಾಗಾಗಿ ಓಡುವಾಗ ಜಗ್ಗುವ ಜಾಗಕ್ಕೆ ಬೋಲ್ಟು, ರಿವೆಟ್ಟೇ ಸರಿ.

ಕೋಲಾರದವರೇ, ಅದೇ 3 ಎಂಎಂ ಇಟ್ಟು ಲೆಕ್ಕ ಹಾಕಿದಿರಲ್ಲ, ಅದು ಅರ್ಧ ಲೆಕ್ಕ. ಅದೇ ದಪ್ಪ, ಅದೇ ಭಾರಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಮೂರರಷ್ಟು ಬಗ್ಗುತ್ತದೆ. ತಳ ಜಗ್ಗಬಾರದು ಅಂದರೆ ದಪ್ಪ ಹೆಚ್ಚಿಸಬೇಕು, ಇಲ್ಲವೇ ಅಡ್ಡಪಟ್ಟಿ ಹತ್ತಿರ ಹತ್ತಿರ ಕೊಡಬೇಕು. ಆಗ ಉಳಿತಾಯದಲ್ಲಿ ಒಂದು ಪಾಲು ಹೋಯಿತು. ಇನ್ನು ಹೊನ್ನೆ. ಅದು ಹಗುರ ಅಂತ ಯಾರು ಹೇಳಿದ್ದು? ಒಂದಿಂಚು ಹೊನ್ನೆ ಚದರಡಿಗೆ ಎರಡು ಕೆಜಿ ಹತ್ತಿರ. 50 ಚದರಡಿಗೆ ಒಣಗಿದ್ದೇ 90 ಕೆಜಿ ದಾಟುತ್ತದೆ. ಸಕಲೇಶಪುರದ ಮಳೆಯಲ್ಲಿ ನೆನೆದರೆ 3 ಎಂಎಂ ಕಬ್ಬಿಣಕ್ಕೂ ಅದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಸಕಲೇಶಪುರ ಶುಂಠಿ ಲೋಡ್:
ನಿಮ್ಮ ಲೆಕ್ಕದಲ್ಲೇ ಕಬ್ಬಿಣಕ್ಕಿಂತ 20 ಕೆಜಿ ಕಡಿಮೆ ಬಂತಲ್ಲ! ನೆನೆದರೆ ಅಂತೀರಿ. ನಮ್ಮಲ್ಲಿ ಟಾರ್ಪಾಲ್ ಇಲ್ಲದೆ ಯಾರೂ ಓಡಿಸುವುದಿಲ್ಲ. ಹಲಗೆಗೆ ವರ್ಷಕ್ಕೊಮ್ಮೆ ಗೇರೆಣ್ಣೆ ಹಚ್ಚುತ್ತೇನೆ, ನೀರು ಕುಡಿಯುವುದಿಲ್ಲ. ವೆಲ್ಡಿಂಗ್ ಅಂಗಡಿಯವರಿಗೆ ಮರ ಅಂದರೆ ಆಗದು, ಕೂಲಿ ಆಚಾರರಿಗೆ ಹೋಗುತ್ತದಲ್ಲ.

ಮಲ್ಪೆ ಐಸ್ ಗಾಡಿ:
"ಕಟ್ಟಿದ ರೀತಿಯ ತಪ್ಪು" ಅಂತ ಹೇಳಿ ಕೈ ತೊಳೆದುಕೊಂಡಿರಿ. ಆ ರೀತಿ ಕಟ್ಟಿದ್ದೂ ಬಾಡಿ ಕೆಲಸದವರೇ ಅಲ್ವಾ? ಬಿಲ್ಲಿನಲ್ಲಿ ಬರೀ "ಅಲ್ಯೂಮಿನಿಯಂ ಶೀಟು" ಅಂತ ಇದೆ. 5052ವೋ ಮತ್ತೊಂದೋ, ಗಿರಾಕಿ ಹೇಗೆ ಗುರುತಿಸುವುದು? ನಾನು ತೆತ್ತದ್ದು 43,850. ನಿಷೇಧದ ಎರಡು ತಿಂಗಳು ಬಾಡಿಗೆ ಇಲ್ಲದ ಹೊತ್ತಿನಲ್ಲಿ.

ಹುಬ್ಬಳ್ಳಿ ಬಾಡಿ ಕೆಲಸ:
ಶೀಟಿನ ಮೇಲೆ ಅಚ್ಚು ಹೊಡೆದಿರುತ್ತದೆ, ಕತ್ತರಿಸುವ ಮೊದಲು ಹೋಗಿ ಫೋಟೊ ಹಿಡಿಯಿರಿ. ಬಿಲ್ಲಿನಲ್ಲಿ ಗ್ರೇಡು, ದಪ್ಪ ಬರೆಸಿ. ಬರೆಯುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಕೆಲಸದಲ್ಲಿ ಕಳ್ಳರಿಲ್ಲ ಅಂತ ನಾನು ಹೇಳಿಲ್ಲ. ಆದರೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮಪ್ಪನ ಕಾಲದಿಂದ ಒಂದು ಚಾಸಿಗೂ ವೆಲ್ಡಿಂಗ್ ಮುಟ್ಟಿಸಿಲ್ಲ. ಬಾಡಿ ಕೂರಿಸುವುದಕ್ಕೆ ಯೂ ಬೋಲ್ಟು, ನಡುವೆ ಪ್ಯಾಕಿಂಗು. ಚಾಸಿಗೆ ಕಿಡಿ ಹಾರಿಸುವವರ ಹತ್ತಿರ ಗಾಡಿ ಬಿಡಲೇಬೇಡಿ.

ಕೋಲಾರ ಮಂಡಿ ಲೈನ್:
ನನ್ನ ತಳ ಜಗ್ಗಿಲ್ಲ. ಅಡ್ಡಪಟ್ಟಿ ಒಂದಡಿಗೆ ಒಂದು ಇದೆ. 180 ಕೆಜಿ ಅವನ್ನೂ ಸೇರಿಸಿಯೇ. ಅರ್ಧ ಲೆಕ್ಕ ಅನ್ನುವ ಮೊದಲು ಕೇಳಬೇಕಿತ್ತು.

ಚಿಂತಾಮಣಿ ಸೊಪ್ಪಿನ ಗಾಡಿ:
ಎಲ್ಲರಿಗೂ ಥ್ಯಾಂಕ್ಸ್. ನನ್ನದು ಸೊಪ್ಪು, ಉಪ್ಪುನೀರು ಇಲ್ಲ. ಗ್ರಿಲ್ ಬಗ್ಗೆ ಯಾರಾದರೂ ಹೇಳಿ. ಅದಕ್ಕೆ ಆರ್‌ಸಿಯಲ್ಲಿ ಏನಾದರೂ ಬದಲಾಯಿಸಬೇಕಾ?

ಹುಬ್ಬಳ್ಳಿ ಬಾಡಿ ಕೆಲಸ:
ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಬರೆದ ವಿವರಕ್ಕೂ ಗಾಡಿಗೂ ತಾಳೆ ಆಗಬೇಕು. ಬಾಡಿ ಜಾತಿ, ಖಾಲಿ ತೂಕ ಬದಲಾದರೆ ಕಟ್ಟಿಸುವ ಮೊದಲೇ ಆರ್‌ಟಿಓದಲ್ಲಿ ಕೇಳಿ, ಇಲ್ಲವಾದರೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಹೊತ್ತಿಗೆ ಬ್ರೇಕ್ ಇನ್‌ಸ್ಪೆಕ್ಟರ್ ನಿಲ್ಲಿಸುತ್ತಾರೆ. ಒಟ್ಟು ತೂಕದ ಮಿತಿ ಮಾತ್ರ ಬೆಳೆಯುವುದಿಲ್ಲ. ಬಾಡಿ 100 ಕೆಜಿ ಜಾಸ್ತಿಯಾದರೆ ಲೋಡು 100 ಕೆಜಿ ಕಡಿಮೆ. ಗ್ರಿಲ್ಲಿಗೆ 40 ಎಂಎಂ ಚೌಕ ಪೈಪು, 2 ಎಂಎಂ ಗೋಡೆಯದ್ದು, ಅಡಿಗೆ 700 ಗ್ರಾಂ. ಸುತ್ತ ಎರಡು ಸಾಲು ಮತ್ತು ಕಂಬ ಸೇರಿದರೆ ಸುಲಭವಾಗಿ 60 ಕೆಜಿ, ಅದೂ ಎತ್ತರದಲ್ಲಿ. ತಿರುವಿನಲ್ಲಿ ಗಾಡಿ ಎಳೆಯುವುದು ಗೊತ್ತಾಗುತ್ತದೆ. 25 ಎಂಎಂ ಪೈಪು ಸಾಕು ನಿಮಗೆ.

ಇನ್ನೊಂದು ಮಾತು. ಸೊಪ್ಪಿಗೆ ಮೊದಲು ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ನಿಮ್ಮ ತುಂಬಿದ ಗಾಡಿ ಮಿತಿಗೆ 300 ಕೆಜಿ ಕೆಳಗೇ ನಿಂತರೆ ಅಲ್ಯೂಮಿನಿಯಂ ಉಳಿಸಿದ 180 ಕೆಜಿಯಿಂದ ಒಂದು ಪೈಸೆ ಬಾಡಿಗೆ ಹುಟ್ಟುವುದಿಲ್ಲ, ಡೀಸೆಲ್ ಸ್ವಲ್ಪ ಉಳಿದೀತು. ಟೊಮೇಟೊ ಗಾಡಿಯ ಲೆಕ್ಕ ಸೊಪ್ಪಿನ ಗಾಡಿಗೆ ಬರುವುದಿಲ್ಲ. ಕಬ್ಬಿಣವನ್ನೇ 2 ಎಂಎಂನಲ್ಲಿ ಮಾಡಿಸಿ, ಮೂಲೆಗಳಲ್ಲಿ ನೀರು ಇಳಿಯಲು ತೂತು ಬಿಡಿಸಿ, ತುಕ್ಕು ತಡೆಯುವ ರೆಡಾಕ್ಸೈಡ್ ಬಣ್ಣ ಎರಡು ಕೋಟು ಅಡಿಯಿಂದಲೂ ಹೊಡೆಸಿ. ನಿಮ್ಮ ಹಳೆ ತಳ ಕೊಳೆತದ್ದು ಅಡಿಯಿಂದಲೇ ಇರಬೇಕು.

ತುಮಕೂರು ಇಟ್ಟಿಗೆ:
ಕೊನೆಗೆ ಕಬ್ಬಿಣಕ್ಕೇ ಬಂದಿರಿ. ನಾನು ಮೊದಲೇ ಹೇಳಿದ್ದೆ.

ಕೋಲಾರ ಮಂಡಿ ಲೈನ್:
ನೀವು ಹೇಳಿದ್ದು 4 ಎಂಎಂ. ಅವರು ಹೇಳುತ್ತಿರುವುದು 2. ಒಂದಕ್ಕೊಂದು ಸಂಬಂಧವೇ ಇಲ್ಲ. ಸೊಪ್ಪಿನವರು ನಾಳೆ ಟೊಮೇಟೊ ಲೈನಿಗೆ ಬಂದರೆ ಏನು ಮಾಡುತ್ತಾರೆ? ಬಾಡಿ ಮತ್ತೆ ಕಟ್ಟಿಸುತ್ತಾರಾ?

ಸಕಲೇಶಪುರ ಶುಂಠಿ ಲೋಡ್:
ನನ್ನ ಮರದ ಮಾತಿಗೆ ಹುಬ್ಬಳ್ಳಿಯವರು ಉತ್ತರ ಕೊಟ್ಟಿಲ್ಲ. ಸೋಮವಾರ ಖಾಲಿ ಗಾಡಿ ತೂಕ ಹಾಕಿಸಿ ಚೀಟಿ ಇಲ್ಲೇ ಹಾಕುತ್ತೇನೆ. ಮಳೆಯಲ್ಲಿ ರಾತ್ರಿಯೆಲ್ಲಾ ನಿಲ್ಲಿಸಿ ಇನ್ನೊಂದು ಸಲವೂ ಹಾಕಿಸುತ್ತೇನೆ.

ಹುಬ್ಬಳ್ಳಿ ಬಾಡಿ ಕೆಲಸ:
ಹಾಕಿಸಿ. ಎರಡು ಸಲವೂ ಟಾರ್ಪಾಲು, ಸ್ಟೆಪ್ನಿ, ಜಾಕು ಇಳಿಸಿರಿ. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು ಅಂತಲೂ ಚೀಟಿ ಮೇಲೆ ಬರೆಯಿರಿ.