ಟಾಕ್ಸಿಕ್ ಅಂದರೆ ವಿಷವೋ, ನಂಜೋ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗೆಂದು ಒಂದು ವಿಜ್ಞಾನದ ಬರಹ ಬರೆಯುತ್ತಿದ್ದೇನೆ. ಸತುವಿನ ಆಕ್ಸೈಡಿನ ನ್ಯಾನೋ ಕಣಗಳು ನೀರಿಗೆ ಸೇರಿದರೆ ಮೀನಿನ ಮೊಟ್ಟೆಗೆ ಏನಾಗುತ್ತದೆ ಎಂಬುದು ವಿಷಯ. ಎಷ್ಟೋ ಸನ್‌ಸ್ಕ್ರೀನ್ ಕ್ರೀಮುಗಳಲ್ಲಿ ಇರುವುದು ಇದೇ ಪುಡಿ. ಕಣದ ಅಗಲ 1ರಿಂದ 100 ನ್ಯಾನೋಮೀಟರ್. 100 ಅಂದರೂ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು ಅಷ್ಟೇ.

‘ಟಾಕ್ಸಿಕ್ ಎಫೆಕ್ಟ್’ ಎಂಬುದಕ್ಕೆ ಮೊದಲು ‘ವಿಷಕಾರಿ ಪರಿಣಾಮ’ ಎಂದು ಬರೆದೆ. ಮಗಳು ಓದಿ, “ಹಾಗಾದ್ರೆ ಮೀನು ಸತ್ತೋಗುತ್ತಾ ಅಪ್ಪಾ?” ಎಂದಳು. ಅಲ್ಲೇ ಸಿಕ್ಕಿಹಾಕಿಕೊಂಡೆ. ಏಕೆಂದರೆ ಇಲ್ಲಿ ಕಥೆ ಸಾವಿನದಲ್ಲ.

ಈ ಪ್ರಯೋಗಗಳಿಗೆ ಜಾಸ್ತಿ ಬಳಸುವುದು ಜೀಬ್ರಾ ಮೀನನ್ನು. ಗಂಗಾ, ಬ್ರಹ್ಮಪುತ್ರ ಸೀಮೆಯ ಪಟ್ಟೆಪಟ್ಟೆ ಮೀನು, ಬೆರಳುದ್ದವೂ ಇಲ್ಲ. ಮೊಟ್ಟೆ ಗಾಜಿನ ಹಾಗೆ ತಿಳಿ. ಒಳಗೆ ಗುಂಡಿಗೆ ಬಡಿಯುವುದು ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣುತ್ತದೆ. ಎರಡು ಮೂರು ದಿನಕ್ಕೆ ಮರಿ ಒಂದು ಕಿಣ್ವ (ಎನ್‌ಜೈಮ್) ಬಿಟ್ಟು, ಹೊರಪೊರೆಯನ್ನು ಸಡಿಲ ಮಾಡಿಕೊಂಡು ಆಚೆ ಬರಬೇಕು. ನೀರಿನಲ್ಲಿ ಸತುವಿನ ಆಕ್ಸೈಡ್ ಇದ್ದರೆ ಕಣದಿಂದ ಸತು ಕರಗಿ ಆ ಕಿಣ್ವದ ಕೆಲಸ ಕೆಡಿಸುತ್ತದೆ. ತಮಾಷೆ ನೋಡಿ, ಆ ಕಿಣ್ವ ಕೆಲಸ ಮಾಡಲು ಅದರೊಳಗೂ ಒಂದಿಷ್ಟು ಸತು ಇರಲೇಬೇಕು! ಮರಿ ಬದುಕಿರುತ್ತದೆ, ಒಳಗೇ ಹೊರಳಾಡುತ್ತಿರುತ್ತದೆ, ಹೊರಗೆ ಮಾತ್ರ ಬರಲಾರದು. ತಾಮ್ರ, ನಿಕ್ಕಲ್ ಆಕ್ಸೈಡುಗಳಲ್ಲೂ ಹೀಗೇ ಆಗುವುದುಂಟು. ಪ್ರಮಾಣ ಏರಿದರೆ ಬೆನ್ನು ಗೂನಾಗುತ್ತದೆ, ಗುಂಡಿಗೆಯ ಸುತ್ತ ನೀರು ತುಂಬಿ ಊದುತ್ತದೆ. ಸಾವು ಆಮೇಲಿನ ಮಾತು.

ಇದಕ್ಕೆ ‘ನಂಜು’ ಹೊಂದುತ್ತದೆಯೇ? ವಿಷ ಅಂದರೆ ಕುಡಿದ, ಸತ್ತ ಎಂಬ ಹಾಗೆ ಕೇಳಿಸುತ್ತದೆ. ನಂಜು ಹಾಗಲ್ಲ, ಮೆಲ್ಲಗೆ ಏರುತ್ತದೆ. ಗಾಯ ಆದವರಿಗೆ “ಬದನೆಕಾಯಿ ತಿನ್ನಬೇಡ, ನಂಜು” ಅಂತಾರೆ. ಬದನೆಕಾಯಿ ಯಾರನ್ನೂ ಕೊಲ್ಲುವುದಿಲ್ಲ ಅಲ್ವಾ! ಪದವೂ ನಮ್ಮದೇ, ತಮಿಳಿನಲ್ಲೂ ಇದೆ. ವಿಷ ಕುಡಿದ ಶಿವನೇ ನಂಜುಂಡ.

ಆದರೆ ಒಂದು ಅಡ್ಡಿ ಇದೆ. ಈಗ ‘ಗಾಯ ನಂಜಾಗಿದೆ’ ಅಂದರೆ ಕೀವು, ಸೋಂಕು. ಆಂಟಿಸೆಪ್ಟಿಕ್‌ಗೆ ನಂಜುನಿರೋಧಕ ಎಂಬ ಪದ ಆಗಲೇ ಓಡಾಡುತ್ತಿದೆ. ‘ಮೊಟ್ಟೆಗೆ ನಂಜಾಯಿತು’ ಎಂದು ಬರೆದರೆ ಮಕ್ಕಳು ರೋಗಾಣು ಹುಡುಕುತ್ತಾರೆ. ‘ಸತುವಿನ ನಂಜು’ ಎಂದು ಲೋಹದ ಹೆಸರು ಸೇರಿಸಿದರೆ ಸರಿಹೋಗಬಹುದು ಎಂದು ನನ್ನ ಲೆಕ್ಕ. ‘ವಿಷತ್ವ’ ಮಾತ್ರ ಬೇಡ, ಅದು ಬಾಯಲ್ಲಿ ನಿಲ್ಲುವುದೇ ಇಲ್ಲ.

ಆಕ್ಸೈಡನ್ನು ಹಾಗೇ ಬಿಡುತ್ತೇನೆ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು ಎಂದು ಬೇರೆ ಬೇರೆ ಪದ ಇರುವುದು ನಮ್ಮ ಸಿರಿತನವೇ. ಕಲಾಯಿ ಹೋಗಿ ಕಿಲುಬು ಹಿಡಿದ ಪಾತ್ರೆಯಲ್ಲಿ ಹುಳಿ ಮಾಡಬಾರದು ಎಂದು ಅಜ್ಜಿಯರಿಗೆ ಗೊತ್ತಿತ್ತು. ಆದರೆ ಕಿಲುಬು ಬರೀ ಆಕ್ಸೈಡ್ ಅಲ್ಲ. ಸತುವಿಗಂತೂ ಅಂಥ ಮನೆಮಾತು ನನ್ನ ಕಿವಿಗೆ ಬಿದ್ದಿಲ್ಲ.

‘ಎಕ್ಸ್‌ಪೋಶರ್’ಗೆ ಎಲ್ಲರೂ ‘ಒಡ್ಡಿಕೊಳ್ಳುವಿಕೆ’ ಅಂತಾರೆ. ಮೊಟ್ಟೆ ತಾನಾಗಿ ಏನನ್ನು ಒಡ್ಡಿಕೊಂಡೀತು? ‘ಕಣ ಬೆರೆಸಿದ ನೀರಿನಲ್ಲಿ ಇಟ್ಟ ಮೊಟ್ಟೆ’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾದರೂ ಸುಮ್ನೆ ಅರ್ಥವಾಗುತ್ತದೆ.

ಇನ್ನು ಉಳಿದದ್ದು ‘ಹ್ಯಾಚಿಂಗ್’. ಕೋಳಿಗಾದರೆ ಕಾವು ಕೂರುವುದು, ಮರಿ ಮಾಡುವುದು ಎಂದು ಮಾತಿದೆ. ಜೀಬ್ರಾ ಮೀನು ಮೊಟ್ಟೆ ಇಟ್ಟು ಹೋಗಿಬಿಡುತ್ತದೆ, ಕಾವೂ ಇಲ್ಲ ತಾಯಿಯೂ ಇಲ್ಲ. ‘ಮರಿಯೊಡೆಯುವುದು’ ಎಂದು ನಾನೇ ಕಟ್ಟಿಕೊಂಡಿದ್ದೇನೆ, ಕೇಳಲು ಮರಿಯೇ ಒಡೆದ ಹಾಗಿದೆ. ಕಾರವಾರ, ಮಲ್ಪೆ ಕಡೆಯವರು, ಕೆರೆಗೆ ಮೀನುಮರಿ ಬಿಡುವವರು ಇಲ್ಲಿದ್ದರೆ ಹೇಳಿ: ಮೀನಿನ ಮೊಟ್ಟೆಯಿಂದ ಮರಿ ಹೊರಬಂದಾಗ ನಿಮ್ಮಲ್ಲಿ ಏನಂತೀರಿ?