ಟೆಕ್ನಿಷಿಯಂ ಚೀಲದ ರೀಡಿಂಗ್ ಯಾಕ ಇಳೀವಲ್ದು?

ಗಾಮಾ_ಬೆಳಗಾವಿ:
ನಮಸ್ಕಾರ್ರಿ. ಬೆಳಗಾವಿಯ ಒಂದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಪ್ರಶ್ನೆ. ಸ್ಕ್ಯಾನಿಗೆ ಬಳಸೋ ವಿಕಿರಣ ಔಷಧ ಟೆಕ್ನಿಷಿಯಂ-99ಎಂ ತಾಗಿದ ಹತ್ತಿ, ಕೈಗವಸು, ಸೂಜಿ ತೆಗೆದ ಸಿರಿಂಜು ಇರೋ ಚೀಲ ಕಟ್ಟಿ 72 ತಾಸು ಆತು. ಆದ್ರೂ ಮೀಟರ್ ತಾಗಿಸಿದ್ರ ತಾಸಿಗೆ 2 ಮೈಕ್ರೋಸೀವರ್ಟ್ ತೋರಿಸ್ತೈತಿ. ಹತ್ತು ಅರ್ಧಾಯು (ವಿಕಿರಣ ಅರ್ಧಕ್ಕ ಇಳಿಯೋ ಅವಧಿ) ದಾಟೇತಲ್ಲ, ಬಯೋಮೆಡಿಕಲ್ ಕಸದ ಗಾಡಿಗೆ ಕೊಡಬಹುದೇನ್ರಿ?

ಅರ್ಧಾಯು:
ಕೊಡಬ್ಯಾಡ್ರಿ. ಟೆಕ್ನಿಷಿಯಂ ಅರ್ಧಾಯು 6 ತಾಸು. 72 ತಾಸಿಗೆ 12 ಸಲ ಅರ್ಧ ಆಗಿ 4,096ರಲ್ಲಿ ಒಂದು ಪಾಲು ಅಷ್ಟ ಉಳೀತೈತಿ. ಅದಾದ ಮ್ಯಾಲೂ 2 ಅಂದ್ರ ಒಳಗ ಬ್ಯಾರೆ ಏನೋ ಸೇರೈತಿ, ಇಲ್ಲಾ ಅಳೆದ ಜಾಗಾನ ತಪ್ಪು. ಡಿಕೇ ಕೋಣ್ಯಾಗ (ವಿಕಿರಣ ಇಳಿಯೋ ತನಕ ಕಸ ಇಡೋ ಕೋಣಿ) ಅಳೆದ್ರ ಪಕ್ಕದ ಚೀಲದ್ದೂ ಎಣಿಕ್ಯಾಗ ಬರ್ತೈತಿ. ಚೀಲ ಹೊರಗ ತಂದು, ಹಿನ್ನೆಲೆ ರೀಡಿಂಗ್ (ಚೀಲ ಇಲ್ಲದಾಗ ಆ ಜಾಗದ್ದು) ಬರ್ಕೊಂಡು, ಪ್ರೋಬ್ ಸಾವಕಾಶ ಎಲ್ಲಾ ಮಗ್ಗಲಿಗೂ ಆಡಿಸ್ರಿ.

ಅಲ್ಲೂ ಇಳೀಲಿಲ್ಲ ಅಂದ್ರ 24 ತಾಸು ಬಿಟ್ಟು ಅದೇ ದೂರದಿಂದ ಮತ್ತ ಅಳೀರಿ, ಹಿನ್ನೆಲೆ ಕಳೀರಿ. ಟೆಕ್ನಿಷಿಯಂ ಆಗಿದ್ರ ಹದಿನಾರರಲ್ಲಿ ಒಂದು ಪಾಲಿಗೆ ಬೀಳಬೇಕು. ಶೇಕಡಾ 22ರಷ್ಟು ಇಳಿದ್ರ ಮಾಲಿಬ್ಡಿನಂ-99, ಅಂದ್ರ ಟೆಕ್ನಿಷಿಯಂ ತೆಗೆಯೋ ಜನರೇಟರ್ ಕಾಲಮ್ಮಿನಿಂದ ಸೋರಿದ್ದು. ಶೇಕಡಾ 8 ಅಷ್ಟ ಇಳಿದ್ರ ಥೈರಾಯ್ಡ್ ಚಿಕಿತ್ಸೆಗೆ ಕೊಡೋ ಅಯೋಡಿನ್-131. ನನ್ನ ಅನುಮಾನ ಇದರ ಮ್ಯಾಲ.

ಕೃಷ್ಣಾತೀರ_ಬಾಗಲಕೋಟೆ:
ಅಯೋಡಿನ್ ಹತ್ತಿದ ಒಂದು ಹತ್ತಿ ಉಂಡಿ ಬಿದ್ರೂ ಇಡೀ ಚೀಲ 80 ದಿನ, ಅಂದ್ರ ಅದರ ಹತ್ತು ಅರ್ಧಾಯು, ಇಟ್ಕೋಬೇಕು. ಬೇರ್ಪಡಿಸೋದು ಒಗೆಯೋ ಜಾಗದಾಗ ಆಗಬೇಕು, ಆಮ್ಯಾಲ ಚೀಲ ಬಿಚ್ಚಿ ಹುಡುಕೋದಲ್ಲ. ಟೆಕ್ನಿಷಿಯಂ, ಅಯೋಡಿನ್ ಎರಡಕ್ಕೂ ಬ್ಯಾರೆ ಬ್ಯಾರೆ ಪೆಡಲ್ ಡಬ್ಬಿ ಇಡ್ರಿ. ಟೆಕ್ನಿಷಿಯಂ ಗಾಮಾ ಅರ್ಧ ಆಗಾಕ 0.3 ಮಿಮೀ ಸೀಸ ಸಾಕು. ಅಯೋಡಿನ್‌ಗೆ 3 ಮಿಮೀ ಹತ್ರ ಬೇಕು. ಅಯೋಡಿನ್ ಆವಿ ಆಗ್ತೈತಿ, ಅದಕ್ಕ ಜೋಡಿ ಚೀಲ ಹಾಕ್ರಿ, ಒತ್ತಿ ಗಾಳಿ ತೆಗೀಬ್ಯಾಡ್ರಿ. ಚೀಟಿ ಮ್ಯಾಲ ಚೀಲ ಕಟ್ಟಿದ ದಿನ ಬರೀರಿ, ತುಂಬಾಕ ಹತ್ತಿದ ದಿನ ಬರೆದ್ರ ಲೆಕ್ಕ ಕೆಟ್ಟಂಗ.

ಗಾಮಾ_ಬೆಳಗಾವಿ:
ಸರಿ ರೀ. ಅಯೋಡಿನ್ ರೋಗಿಗಳ ಐಸೋಲೇಷನ್ ವಾರ್ಡಿನ್ಯಾಗ ಉಳಿದ ಊಟ? ಏಪ್ರಿಲ್ ಬಿಸಲಾಗ 80 ದಿನ ಹೆಂಗ ಇಡೋದು?

ಅರ್ಧಾಯು:
ಬೀಗ ಇರೋ ಡೀಪ್ ಫ್ರೀಜರ್, ಕರೆಂಟ್ ಹೋದ್ರೂ ನಡೆಯೋ ಲೈನಿಗೆ. ಎಲುಬು, ಸಿಪ್ಪಿ ಉಳಿಯದಂಥಾ ಊಟ ಕೊಟ್ರ ಅರ್ಧ ತ್ರಾಸ ಕಡಿಮಿ.

ಹತ್ತು ಅರ್ಧಾಯು ಅನ್ನೋದು ಅಂದಾಜು ಅಷ್ಟ. ಮೀಟರ್ ಹಿನ್ನೆಲೆ ಮಟ್ಟಕ್ಕ ಬಂದು, ಆರ್‌ಎಸ್‌ಒ (ವಿಕಿರಣ ಸುರಕ್ಷತಾ ಅಧಿಕಾರಿ) ಸಹಿ ಆದ್ರನ ಚೀಲ ಹೊರಗ. ಆಮ್ಯಾಲ ಅದು ಮಾಮೂಲಿ ಆಸ್ಪತ್ರಿ ಕಸ: ಹತ್ತಿ ಹಳದಿ ಚೀಲಕ್ಕ, ಸಿರಿಂಜು ಕೆಂಪಿಗೆ. ಹಿಂಗಾಗಿ ಡಿಕೇಗೆ ಇಡೋವಾಗನ ಇವನ್ನ ಬ್ಯಾರೆ ಕಟ್ರಿ. ವಿಕಿರಣ ಗುರುತು ಕಿತ್ತ ಕಳಿಸ್ರಿ.

ಕ್ಯಾಲಿಬ್ರೇಷನ್‌ನ (ಮೀಟರ್ ತಾಳೆ ನೋಡೋ) ಸೀಸಿಯಂ-137 ವಿಕಿರಣ ಮೂಲ ಈ ದಾರೀಗೆ ಬರಂಗಿಲ್ಲ. ಅದರ ಅರ್ಧಾಯು 30 ವರ್ಷ. ಪೂರೈಕೆದಾರರಿಗೆ ವಾಪಸ್ ಕಳಿಸಿ ಕಾಗದ ಇಟ್ಕೋಬೇಕು. 2010ರಾಗ ದಿಲ್ಲಿ ಮಾಯಾಪುರಿ ಗುಜರಿಗೆ ಕೋಬಾಲ್ಟ್-60 ಹೋಗಿದ್ದು ಹಳೇ ಉಪಕರಣದ ಜೊತಿಗೇ.